ದೂರವನ್ನು ನಂಬಬಹುದು, ಸಮಯವನ್ನಲ್ಲ: ವಿಮಾನ ನಿಲ್ದಾಣಗಳ ಅಂತರ ಹೇಳುವ ಆನ್‌ಲೈನ್ ಸೇವೆಯೊಂದರ ವಿಮರ್ಶೆ

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಅವುಗಳ ನಡುವಿನ ದೂರವನ್ನೂ ಪ್ರಯಾಣದ ಅವಧಿಯನ್ನೂ ಕ್ಷಣಾರ್ಧದಲ್ಲಿ ಹೇಳುವ ಉಚಿತ ಆನ್‌ಲೈನ್ ಸೇವೆಗಳು ಇಂದು ಹಲವಾರಿವೆ. ಅವುಗಳಲ್ಲಿ ಒಂದನ್ನು ನಾನು ಸುಮಾರು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಏಕೆಂದರೆ ನಾನು ಹೇಳಬೇಕೆಂದಿರುವ ಕೊರತೆ ಅದೊಂದರದ್ದೇ ಅಲ್ಲ, ಪಕ್ಕದಲ್ಲಿಟ್ಟು ಪರೀಕ್ಷಿಸಿದ ಇನ್ನೂ ಮೂರು ಸೇವೆಗಳಲ್ಲಿ ಅದೇ ಲೆಕ್ಕ, ಅದೇ ತಪ್ಪು ಕಾಣಿಸಿತು. ಹೀಗಾಗಿ ಇದನ್ನು ಒಂದು ಸೇವೆಯ ವಿಮರ್ಶೆ ಎಂದು ಓದಿದರೂ ಸರಿ, ಆ ಬಗೆಯ ಎಲ್ಲ ಸೇವೆಗಳ ವಿಮರ್ಶೆ ಎಂದು ಓದಿದರೂ ಸರಿ.

ವಿಮರ್ಶೆ ಬರೆಯುವ ಅಗತ್ಯ ಬಿದ್ದದ್ದು ಅಕ್ಕನ ಪ್ರಯಾಣದಿಂದ. ಅಕ್ಕ ಕೆಲಸದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೋದ ನಾರಿಟಾ ನಿಲ್ದಾಣಕ್ಕೆ ಹೋಗುವವಳಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಊಟಕ್ಕೂ ಇನ್ಸುಲಿನ್‌ಗೂ ಹೊತ್ತು ತಪ್ಪುವಂತಿಲ್ಲ. ವಿಮಾನದಲ್ಲಿ ಎಷ್ಟು ಹೊತ್ತಿಗೆ ಏನು ತಿನ್ನಬೇಕು, ಕೈಚೀಲದಲ್ಲಿ ಎಷ್ಟು ಇಟ್ಟುಕೊಳ್ಳಬೇಕು ಎಂದು ವೈದ್ಯರ ಬಳಿ ಕೇಳಲು ಒಂದು ವೇಳಾಪಟ್ಟಿ ಬೇಕಿತ್ತು. ನಾನು ಈ ಸೇವೆಯನ್ನು ತೆರೆದು, ಎರಡು ಹೆಸರು ಹಾಕಿ, ಅದು ತೋರಿಸಿದ 10 ಗಂಟೆ 17 ನಿಮಿಷ ಎಂಬ ಅವಧಿಯನ್ನು ಆಧಾರವಾಗಿಟ್ಟುಕೊಂಡು ಚೀಟಿ ಬರೆದುಕೊಟ್ಟೆ. ಹೊರಡಲು ಎರಡು ದಿನವಿರುವಾಗ ಅಕ್ಕ ಫೋನ್ ಮಾಡಿದಳು: “ನಿನ್ನ ಚೀಟಿಯಲ್ಲಿ ಹತ್ತೂಕಾಲು ಗಂಟೆ ಅಂತಿದೆ, ಟಿಕೆಟ್ ನೋಡಿದರೆ ಹದಿಮೂರು ಗಂಟೆ ಹತ್ತಿರ ಬರುತ್ತಲ್ಲೋ, ಯಾವುದನ್ನ ನಂಬಲಿ?” ಟಿಕೆಟ್ಟಿನಲ್ಲಿದ್ದದ್ದೇ ಸರಿ. ಅವಳು ನೋಡದೇ ಹೋಗಿದ್ದರೆ ಎರಡೂವರೆ ಗಂಟೆಗೂ ಹೆಚ್ಚಿನ ವ್ಯತ್ಯಾಸ ಅವಳ ಮೈಮೇಲೆ ಬೀಳುತ್ತಿತ್ತು. ಅಂದಿನಿಂದ ಈ ಸೇವೆ ಏನನ್ನು ಹೇಗೆ ಲೆಕ್ಕ ಹಾಕುತ್ತದೆ ಎಂದು ಕೂತು ನೋಡಿದೆ. ನೋಡಿದಷ್ಟೂ ಒಂದು ಮಾತು ಗಟ್ಟಿಯಾಯಿತು: ಇದು ಕೊಡುವ ದೂರ ಭೂಗೋಳದ ಮೇಲೆ ಅಳೆದದ್ದು, ಸಮಯ ಬರೀ ಭಾಗಾಕಾರದಿಂದ ಬಂದದ್ದು, ಆದರೆ ಪರದೆಯ ಮೇಲೆ ಎರಡೂ ಒಂದೇ ಗಾತ್ರದ ಅಕ್ಷರದಲ್ಲಿ, ಒಂದೇ ಧೈರ್ಯದಿಂದ ನಿಂತಿರುತ್ತವೆ.

ಬಳಕೆಯ ವಿಷಯದಲ್ಲಿ ದೂರುವಂಥದ್ದು ಕಡಿಮೆ. ಎರಡು ಖಾಲಿ ಪೆಟ್ಟಿಗೆಗಳು, ಒಂದು ಗುಂಡಿ. ಊರಿನ ಹೆಸರನ್ನಾದರೂ ಹಾಕಬಹುದು, ನಿಲ್ದಾಣದ ಮೂರಕ್ಷರದ ಸಂಕೇತವನ್ನಾದರೂ ಹಾಕಬಹುದು. ಉತ್ತರ ಕಿಲೋಮೀಟರ್, ಮೈಲಿ, ನಾಟಿಕಲ್ ಮೈಲಿ ಮೂರರಲ್ಲಿಯೂ ಬರುತ್ತದೆ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್ ಎಂಬ ಸಣ್ಣ ವಿವರಣೆಯೂ ಪಕ್ಕದಲ್ಲೇ ಇದೆ. ಸಂಕೇತವನ್ನೇ ಹಾಕುವುದು ಕ್ಷೇಮ ಎಂದು ನನ್ನ ಸಲಹೆ. ಸಿಡ್ನಿ ಎಂದು ಬರೆದರೆ ಆಸ್ಟ್ರೇಲಿಯಾದ ಸಿಡ್ನಿಯ ಜೊತೆಗೆ ಕೆನಡಾದ ನೋವಾ ಸ್ಕೋಷಿಯಾದಲ್ಲಿರುವ ಸಿಡ್ನಿಯೂ ಪಟ್ಟಿಯಲ್ಲಿ ಬರುತ್ತದೆ. ಲಂಡನ್ ಎಂದರೆ ಕೆನಡಾದ ಆಂಟೇರಿಯೋದಲ್ಲೊಂದು ಲಂಡನ್ ಇದೆ. ಸ್ಯಾನ್ ಹೋಸೆ ಎಂಬುದು ಕ್ಯಾಲಿಫೋರ್ನಿಯಾದಲ್ಲಿಯೂ ಕೋಸ್ಟರಿಕಾದಲ್ಲಿಯೂ ಇದೆ, ಸಂಕೇತದಲ್ಲಿ ಕೊನೆಯ ಒಂದೇ ಅಕ್ಷರದ ವ್ಯತ್ಯಾಸ. ಅಲ್ಲದೆ ಊರಿನ ಹೆಸರು ಕೊಟ್ಟಾಗ ಈ ಸೇವೆ ಊರಿನ ಮಧ್ಯಭಾಗದಿಂದ ಅಳೆಯುತ್ತದೆ. ನಾರಿಟಾ ನಿಲ್ದಾಣ ಟೋಕಿಯೋದ ನಡುವಿನಿಂದ ಸುಮಾರು 60 ಕಿ.ಮೀ. ದೂರದಲ್ಲಿರುವಾಗ ಈ ವ್ಯತ್ಯಾಸವನ್ನು ತಳ್ಳಿಹಾಕುವಂತಿಲ್ಲ.

ಇನ್ನು ದೂರದ ಲೆಕ್ಕ. ಇದನ್ನು ಮನಸಾರೆ ಮೆಚ್ಚಬೇಕು. ಈ ಸೇವೆ ಅಳೆಯುವುದು ಮಹಾವೃತ್ತದ ದೂರವನ್ನು, ಅಂದರೆ ಗೋಳದ ಮೇಲ್ಮೈಯ ಮೇಲೆ ಎರಡು ಬಿಂದುಗಳ ನಡುವೆ ಸಾಧ್ಯವಿರುವ ಅತ್ಯಂತ ಹತ್ತಿರದ ದಾರಿಯನ್ನು. ಸಿಂಗಾಪುರದ ಚಾಂಗಿ ನಿಲ್ದಾಣದಿಂದ ನ್ಯೂಯಾರ್ಕಿನ ಜಾನ್ ಎಫ್. ಕೆನಡಿ ನಿಲ್ದಾಣಕ್ಕೆ ಗೋಡೆಯ ಮೇಲಿನ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಹಿಂದೂ ಮಹಾಸಾಗರ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಈ ಸೇವೆಯ ನಕ್ಷೆಯಲ್ಲಾದರೋ ಗೆರೆ ಸಿಂಗಾಪುರದಿಂದ ನೆಟ್ಟಗೆ ಉತ್ತರಕ್ಕೆ ಏರಿ, ನಕ್ಷೆಯ ಮೇಲಂಚಿಗೆ ಮುಟ್ಟಿ, ಇನ್ನೊಂದು ಬದಿಯಲ್ಲಿ ಕೆನಡಾದ ಮೇಲಿನಿಂದ ಇಳಿಯುತ್ತದೆ. ಮೊದಲ ಸಲ ನೋಡಿದಾಗ ನಕ್ಷೆ ಕೆಟ್ಟಿದೆಯೆಂದೇ ನಾನು ಭಾವಿಸಿದ್ದೆ. ಮನೆಯಲ್ಲಿದ್ದ ಮಕ್ಕಳ ಗ್ಲೋಬನ್ನು ಮೇಜಿನ ಮೇಲಿಟ್ಟು, ಹೊಲಿಗೆಯ ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ಸಿಂಗಾಪುರದ ಮೇಲೆ ಒತ್ತಿ, ಇನ್ನೊಂದು ತುದಿಯನ್ನು ನ್ಯೂಯಾರ್ಕಿನ ಕಡೆಗೆ ಬಿಗಿಯಾಗಿ ಎಳೆದೆ. ಸಹಾರಾದ ಮೇಲೆ ಇಟ್ಟ ದಾರ ಅಲ್ಲಿ ನಿಲ್ಲಲಿಲ್ಲ. ಬಿಗಿಯಾದಂತೆಲ್ಲ ಜಾರುತ್ತಾ ಮೇಲೇರಿ, ಉತ್ತರ ಧ್ರುವದಲ್ಲಿ ಗ್ಲೋಬನ್ನು ಹಿಡಿದಿದ್ದ ತಿರುಪಿಗೆ ಹತ್ತಿಹತ್ತಿ ನಿಂತಿತು. ಎರಡು ಊರುಗಳ ರೇಖಾಂಶಗಳ ನಡುವೆ ಸುಮಾರು 178 ಡಿಗ್ರಿ ಅಂತರವಿದೆ, ಎಂದರೆ ಬಹುಪಾಲು ಭೂಮಿಯ ಎದುರುಬದುರು ಮಗ್ಗುಲು. ಹೀಗಿರುವಾಗ ಧ್ರುವದ ಮೇಲಿನ ದಾರಿಯೇ ಹತ್ತಿರವಾಗಬೇಕು. ಗ್ಲೋಬ್ ಇರುವವರೆಲ್ಲರೂ ಇದನ್ನೊಮ್ಮೆ ಮಾಡಿ ನೋಡಬೇಕು.

ಹೀಗೆ ಬರುವ ದೂರದಲ್ಲಿ ಒಂದು ಸಣ್ಣ ಅಂದಾಜು ಇದೆ. ಈ ಸೇವೆ ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ನುಣುಪಾದ ಗೋಳವೆಂದು ಎಣಿಸುತ್ತದೆ. ನಿಜದಲ್ಲಿ ಭೂಮಿ ಧ್ರುವಗಳಲ್ಲಿ ಚಪ್ಪಟೆ. ಸಮಭಾಜಕದಲ್ಲಿ ತ್ರಿಜ್ಯ ಸುಮಾರು 6,378 ಕಿ.ಮೀ., ಧ್ರುವದಲ್ಲಿ ಸುಮಾರು 6,357 ಕಿ.ಮೀ. ನ್ಯೂಯಾರ್ಕಿನ ಕೆನಡಿ ನಿಲ್ದಾಣದಿಂದ ಲಂಡನ್ನಿನ ಹೀಥ್ರೂಗೆ ಈ ಸೇವೆ 5,540 ಕಿ.ಮೀ. ಎನ್ನುತ್ತದೆ, ಚಪ್ಪಟೆತನವನ್ನು ಲೆಕ್ಕಕ್ಕೆ ಹಿಡಿಯುವ ವಿನ್ಸೆಂಟಿ ಸೂತ್ರದಂಥ ವಿಧಾನದಿಂದ ನೋಡಿದರೆ ಸುಮಾರು 5,555 ಕಿ.ಮೀ. ಬರುತ್ತದೆ. ಆ ಸೂತ್ರ ಪ್ರಕಟವಾದದ್ದು 1975ರಲ್ಲಿ. ಇಂದಿನ ಕಂಪ್ಯೂಟರಿಗೆ ಅದೊಂದು ಹೊರೆಯೇ ಅಲ್ಲ. ಆದರೂ ಐದೂವರೆ ಸಾವಿರ ಕಿಲೋಮೀಟರಿಗೆ ಹದಿನೈದು ಕಿಲೋಮೀಟರಿನ ವ್ಯತ್ಯಾಸ ಪ್ರಯಾಣಿಕನಿಗೆ ಲೆಕ್ಕಕ್ಕಿಲ್ಲ. ದೂರದ ಭಾಗಕ್ಕೆ ಐದಕ್ಕೆ ಐದು ಕೊಡಲು ನನಗೆ ಹಿಂಜರಿಕೆಯಿಲ್ಲ.

ಕಷ್ಟ ಶುರುವಾಗುವುದು ಅದರ ಕೆಳಗಿನ ಸಾಲಿನಲ್ಲಿ.

ಅಕ್ಕನ ಫೋನ್ ಬಂದ ರಾತ್ರಿ ನಾನು ಹನ್ನೆರಡು ಜೋಡಿ ನಿಲ್ದಾಣಗಳನ್ನು ಒಂದಾದ ಮೇಲೊಂದರಂತೆ ಹಾಕಿ ದೂರವನ್ನೂ ಅವಧಿಯನ್ನೂ ಕಾಗದದ ಮೇಲೆ ಬರೆದುಕೊಂಡೆ. ಪ್ರತಿ ಅವಧಿಯಿಂದ ಅರ್ಧ ಗಂಟೆ ಕಳೆದು, ಉಳಿದದ್ದರಿಂದ ದೂರವನ್ನು ಭಾಗಿಸಿದರೆ ಪ್ರತಿ ಸಲವೂ ಬಂದದ್ದು ಒಂದೇ ಸಂಖ್ಯೆ: ಗಂಟೆಗೆ 800 ಕಿ.ಮೀ. ಇದರ ಒಳಗಿರುವ ವಿದ್ಯೆ ಇಷ್ಟೇ. ಮಹಾವೃತ್ತದ ದೂರವನ್ನು 800ರಿಂದ ಭಾಗಿಸು, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಸೇರಿಸು. ಹೆಲ್ಸಿಂಕಿಯಿಂದ ನಾರಿಟಾಗೆ ಸುಮಾರು 7,830 ಕಿ.ಮೀ.; ಭಾಗಿಸಿದರೆ ಒಂಬತ್ತೂಮುಕ್ಕಾಲು ಗಂಟೆಗೆ ತುಸು ಹೆಚ್ಚು, ಅರ್ಧ ಗಂಟೆ ಕೂಡಿಸಿದರೆ ನನ್ನ ಚೀಟಿಯಲ್ಲಿದ್ದ 10 ಗಂಟೆ 17 ನಿಮಿಷ. ಈ ಸೂತ್ರವನ್ನು ಪುಟದ ಯಾವ ಮೂಲೆಯಲ್ಲಿಯೂ ಹೇಳಿಲ್ಲ. ನಿಮಿಷದವರೆಗೆ ನಿಖರವಾಗಿ ತೋರಿಸುವ ಸಂಖ್ಯೆಯನ್ನು ನೋಡಿದವರು ಅದು ಯಾವುದೋ ವಿಮಾನದ ವೇಳಾಪಟ್ಟಿಯಿಂದ ಬಂದದ್ದೆಂದೇ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದದ್ದು.

ಸೂತ್ರದ ಮೊದಲ ದೋಷ, ಅದಕ್ಕೆ ದಿಕ್ಕಿನ ಪರಿವೆಯಿಲ್ಲ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಉತ್ತರ. ಆಕಾಶದಲ್ಲಿ ಹಾಗಿಲ್ಲ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ದೊಡ್ಡ ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಸಾದ ಗಾಳಿ ಹರಿಯುತ್ತಿರುತ್ತದೆ. ವಿಮಾನ ಗಾಳಿಯೊಳಗೆ ಗಂಟೆಗೆ 900 ಕಿ.ಮೀ. ವೇಗದಲ್ಲಿ ಹೋಗುತ್ತಿದೆ, ಗಾಳಿಯ ವೇಗ 150 ಎಂದಿಟ್ಟುಕೊಳ್ಳೋಣ. ಗಾಳಿ ಹಿಂದಿನಿಂದ ತಳ್ಳಿದರೆ ನೆಲದ ಲೆಕ್ಕದಲ್ಲಿ ವೇಗ 1,050, ಎದುರಿಗೆ ಬಂದರೆ 750. ನ್ಯೂಯಾರ್ಕ್ ಮತ್ತು ಲಂಡನ್ ನಡುವಿನ ಅದೇ 5,540 ಕಿ.ಮೀ. ಮೊದಲನೆಯದರಲ್ಲಿ ಐದೂಕಾಲು ಗಂಟೆ, ಎರಡನೆಯದರಲ್ಲಿ ಏಳು ಗಂಟೆ ಇಪ್ಪತ್ತು ನಿಮಿಷದ ಮೇಲೆ. ಸೇವೆ ಎರಡೂ ದಿಕ್ಕಿಗೆ 7 ಗಂಟೆ 25 ನಿಮಿಷ ಎನ್ನುತ್ತದೆ. ವೇಳಾಪಟ್ಟಿಗಳಲ್ಲಿ ಪೂರ್ವಕ್ಕೆ ಏಳು ಗಂಟೆಯ ಆಸುಪಾಸು, ಪಶ್ಚಿಮಕ್ಕೆ ಎಂಟು ಗಂಟೆಯ ಆಸುಪಾಸು ಇರುತ್ತದೆ. 2020ರ ಫೆಬ್ರವರಿಯಲ್ಲಿ ಕಿಯಾರಾ ಎಂಬ ಬಿರುಗಾಳಿಯ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತ್ತು. ದೂರ ಒಂದಿಂಚೂ ಬದಲಾಗಿರಲಿಲ್ಲ.

ಎರಡನೆಯ ದೋಷ ಇನ್ನೂ ದೊಡ್ಡದು, ಅಕ್ಕನ ವಿಷಯದಲ್ಲಿ ಕೈಕೊಟ್ಟದ್ದೂ ಅದೇ. ಮಹಾವೃತ್ತ ಎಂಬುದು ಭೂಮಿತಿಯ ಗೆರೆ. ವಿಮಾನ ಹಾರುವುದು ದೇಶಗಳು ಅನುಮತಿ ಕೊಟ್ಟ ದಾರಿಯಲ್ಲಿ. ಹೆಲ್ಸಿಂಕಿಯಿಂದ ಟೋಕಿಯೋಗೆ ಹತ್ತಿರದ ದಾರಿ ರಷ್ಯಾದ ಮೇಲೆ, ಸೈಬೀರಿಯಾದ ಮೇಲೆ ಹಾದುಹೋಗುತ್ತದೆ. 2022ರ ಫೆಬ್ರವರಿ ಕೊನೆಯಲ್ಲಿ ಉಕ್ರೇನ್ ಯುದ್ಧದಿಂದಾಗಿ ಐರೋಪ್ಯ ಒಕ್ಕೂಟ ಮತ್ತು ರಷ್ಯಾ ಪರಸ್ಪರ ವಿಮಾನಗಳಿಗೆ ವಾಯುಪ್ರದೇಶವನ್ನು ಮುಚ್ಚಿದ ಮೇಲೆ, ಅಲ್ಲಿಯವರೆಗೆ ಒಂಬತ್ತೂವರೆ ಗಂಟೆಯಷ್ಟಿದ್ದ ಪ್ರಯಾಣ ಸುಮಾರು ಹದಿಮೂರು ಗಂಟೆಗೆ ಹೋಯಿತು. ಒಂದೋ ಉತ್ತರ ಧ್ರುವದ ಕಡೆಯಿಂದ ಅಲಾಸ್ಕಾದ ಹತ್ತಿರ ಇಳಿದು ಬರಬೇಕು, ಇಲ್ಲವೇ ದಕ್ಷಿಣಕ್ಕೆ ಬಾಗಿ ಕಜಕಿಸ್ತಾನ, ಚೀನಾ ದಾಟಬೇಕು. ನಿಲ್ದಾಣಗಳು ಇದ್ದಲ್ಲೇ ಇವೆ, ಸೇವೆ ಹೇಳುವ 7,830 ಕಿ.ಮೀ. ಇಂದಿಗೂ ನಿಜ, ಆ ದಾರಿಯಲ್ಲಿ ಫಿನ್‌ಲ್ಯಾಂಡಿನ ವಿಮಾನ ಹೋಗುವಂತಿಲ್ಲ ಎಂಬುದು ಮಾತ್ರ ಸೂತ್ರಕ್ಕೆ ಗೊತ್ತಿಲ್ಲ.

ದೂರ ಮತ್ತು ಸಮಯ ಎಷ್ಟರಮಟ್ಟಿಗೆ ಬೇರೆ ಬೇರೆ ಎಂಬುದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ ದೆಹಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೋ. ಮಹಾವೃತ್ತದ ಲೆಕ್ಕದಲ್ಲಿ ನಡುವಿನ ದೂರ ಸುಮಾರು 12,380 ಕಿ.ಮೀ. ಏರ್ ಇಂಡಿಯಾ ಮೊದಲು ಈ ಪ್ರಯಾಣವನ್ನು ಅಟ್ಲಾಂಟಿಕ್ ಕಡೆಯಿಂದ, ಸುಮಾರು 13,900 ಕಿ.ಮೀ. ಹಾರಿ ಮಾಡುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದೇ ವಿಮಾನವನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಹಾರಿಸಿದಾಗ ದಾರಿ ಸುಮಾರು 15,300 ಕಿ.ಮೀ. ಆಯಿತು. ಹೆಚ್ಚುಕಡಿಮೆ 1,400 ಕಿ.ಮೀ. ಉದ್ದ, ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹಿಂದಿನ ದಾರಿಗಿಂತ ಸುಮಾರು ಎರಡು ಗಂಟೆ ಮೊದಲು. ಪಶ್ಚಿಮಕ್ಕೆ ಹೋಗುವಾಗ ಎದುರಿಗಿದ್ದ ಗಾಳಿ ಪೂರ್ವಕ್ಕೆ ಹೋಗುವಾಗ ಬೆನ್ನಿಗೆ ಬಂದಿತ್ತು. ಸುತ್ತಿ ಹೋದವನು ಬೇಗ ತಲುಪಿದ ಈ ಪ್ರಸಂಗದಲ್ಲಿ ದೂರವನ್ನು 800ರಿಂದ ಭಾಗಿಸಿ ಏನು ತಿಳಿಯಲು ಸಾಧ್ಯ? ಸೇವೆ ಈ ಜೋಡಿಗೆ 16 ಗಂಟೆ ಎಂದು ತೋರಿಸುತ್ತದೆ; ಅದು ಒಮ್ಮೊಮ್ಮೆ ವಾಸ್ತವಕ್ಕೆ ಹತ್ತಿರವಿದ್ದರೂ ಆಕಸ್ಮಿಕವಾಗಿ ಮಾತ್ರ. ಸಿಂಗಾಪುರ ಮತ್ತು ನ್ಯೂಯಾರ್ಕ್ ವಿಷಯದಲ್ಲಿ ಇದೇ ಸೂತ್ರ ಹೆಚ್ಚು ಹೇಳುತ್ತದೆ. ಅದರ ಉತ್ತರ 19 ಗಂಟೆ 41 ನಿಮಿಷ, ನಿಜವಾದ ವೇಳಾಪಟ್ಟಿಯಲ್ಲಿ ಹದಿನೆಂಟೂವರೆಯಿಂದ ಹತ್ತೊಂಬತ್ತು ಗಂಟೆ. ಅಷ್ಟು ದೂರದ ಹಾರಾಟಕ್ಕೆಂದೇ ಮಾಡಿದ ಏರ್‌ಬಸ್ ಎ350-900 ಯುಎಲ್‌ಆರ್ ವಿಮಾನ ದಾರಿಯ ಬಹುಪಾಲನ್ನು 800ಕ್ಕಿಂತ ಹೆಚ್ಚಿನ ವೇಗದಲ್ಲೇ ಕ್ರಮಿಸುತ್ತದೆ; ಏರುವಾಗ ಇಳಿಯುವಾಗ ಕಳೆಯುವ ಹೊತ್ತು ಅಷ್ಟು ಉದ್ದದ ಪ್ರಯಾಣದಲ್ಲಿ ಗೌಣ. ಎಂದರೆ ತಪ್ಪು ಒಂದೇ ಕಡೆಗೂ ವಾಲುವುದಿಲ್ಲ. ಒಂದು ಕಡೆ ಎರಡೂವರೆ ಗಂಟೆ ಕಡಿಮೆ, ಇನ್ನೊಂದು ಕಡೆ ಒಂದು ಗಂಟೆ ಹೆಚ್ಚು. ಹೀಗಾಗಿ ಒಂದಿಷ್ಟು ಕೂಡಿಸಿಯೋ ಕಳೆದೋ ಸರಿಪಡಿಸಿಕೊಳ್ಳುತ್ತೇನೆ ಎನ್ನುವಂತೆಯೂ ಇಲ್ಲ.

ನೇರ ವಿಮಾನವೇ ಇಲ್ಲದ ಜೋಡಿಗಳಿಗೂ ಸೇವೆ ಇದೇ ರೀತಿ ಉತ್ತರ ಕೊಡುವುದು ನನಗೆ ತುಂಬಾ ಬೇಸರ ತಂದ ವಿಷಯ. ಲಂಡನ್ನಿನಿಂದ ಆಸ್ಟ್ರೇಲಿಯಾದ ಸಿಡ್ನಿಗೆ ಸುಮಾರು 17,000 ಕಿ.ಮೀ., ಅವಧಿ 21 ಮುಕ್ಕಾಲು ಗಂಟೆ ಎಂದು ಅದು ತೋರಿಸುತ್ತದೆ. 2019ರ ನವೆಂಬರಿನಲ್ಲಿ ಕ್ವಾಂಟಾಸ್ ಸಂಸ್ಥೆ ಬೋಯಿಂಗ್ 787-9ರಲ್ಲಿ ಕೆಲವೇ ಜನರನ್ನು ಕೂರಿಸಿಕೊಂಡು ಪ್ರಯೋಗಕ್ಕಾಗಿ ಈ ದಾರಿಯನ್ನು ಎಲ್ಲಿಯೂ ಇಳಿಯದೆ ಹಾರಿದಾಗ 19 ಗಂಟೆ 19 ನಿಮಿಷ ಹಿಡಿದಿತ್ತು. ಸಾಮಾನ್ಯ ಪ್ರಯಾಣಿಕ ನಡುವೆ ಎಲ್ಲಾದರೂ ಇಳಿದು ಹತ್ತಬೇಕು. ಅಲ್ಲಿ ಕಾಯುವ ಹೊತ್ತು ಎರಡು ಗಂಟೆಯೂ ಇರಬಹುದು, ಎಂಟು ಗಂಟೆಯೂ ಇರಬಹುದು. ಸೇವೆ ಹೇಳುವ 21 ಮುಕ್ಕಾಲು ಗಂಟೆ ಪ್ರಯೋಗದ ಹಾರಾಟಕ್ಕೂ ಹೊಂದುವುದಿಲ್ಲ, ಟಿಕೆಟ್ ಕೊಂಡವನ ಪ್ರಯಾಣಕ್ಕೂ ಹೊಂದುವುದಿಲ್ಲ. “ಈ ಜೋಡಿಯ ನಡುವೆ ನೇರ ವಿಮಾನವಿದೆಯೇ ಎಂದು ಪರಿಶೀಲಿಸಿ” ಎಂಬ ಒಂದು ಸಾಲು ಹಾಕಿದ್ದರೂ ಸಾಕಿತ್ತು.

ಅವಧಿ ಎಂಬ ಪದದಲ್ಲಿಯೇ ಇರುವ ಗೊಂದಲವನ್ನೂ ಸೇವೆ ಬಿಡಿಸುವುದಿಲ್ಲ. ವಿಮಾನ ಸಂಸ್ಥೆಗಳು ಟಿಕೆಟ್ಟಿನಲ್ಲಿ ಬರೆಯುವುದು ಬ್ಲಾಕ್ ಟೈಮ್, ಅಂದರೆ ಹೊರಡುವ ಗೇಟಿನಿಂದ ವಿಮಾನ ಅಲುಗಿದ ಕ್ಷಣದಿಂದ ತಲುಪುವ ಗೇಟಿನಲ್ಲಿ ನಿಲ್ಲುವವರೆಗಿನ ಹೊತ್ತು. ರನ್‌ವೇ ಬಿಟ್ಟೇಳುವುದರಿಂದ ರನ್‌ವೇ ಮುಟ್ಟುವವರೆಗಿನ ಹಾರಾಟದ ಹೊತ್ತು ಅದಕ್ಕಿಂತ ಕಡಿಮೆ. ದೊಡ್ಡ ನಿಲ್ದಾಣಗಳಲ್ಲಿ ಎರಡೂ ಕಡೆಯ ಟ್ಯಾಕ್ಸಿಯಿಂಗ್ (ಗೇಟಿಗೂ ರನ್‌ವೇಗೂ ನಡುವೆ ವಿಮಾನ ನೆಲದ ಮೇಲೆ ಸಾಗುವುದು) ಸೇರಿ ಅರ್ಧ ಗಂಟೆಗೂ ಹೆಚ್ಚಾಗುತ್ತದೆ. ಈ ಸೇವೆಯ ಅವಧಿ ಇವೆರಡರಲ್ಲಿ ಯಾವುದು ಎಂದು ಪುಟದಲ್ಲಿ ಬರೆದಿಲ್ಲ.

ಸಮಯಕ್ಕೆ ಸಂಬಂಧಿಸಿದ ಒಂದು ಭಾಗ ಮಾತ್ರ ಚೆನ್ನಾಗಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಎರಡೂ ನಿಲ್ದಾಣಗಳ ಸ್ಥಳೀಯ ಗಂಟೆಯನ್ನು ಅದು ಅಕ್ಕಪಕ್ಕದಲ್ಲಿ ತೋರಿಸುತ್ತದೆ, ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳನ್ನು ದಿನಾಂಕಕ್ಕೆ ತಕ್ಕಂತೆ ಸರಿಯಾಗಿ ಹಿಡಿಯುತ್ತದೆ, ದಿನಾಂಕರೇಖೆ ದಾಟಿದಾಗ ಎಡವುವುದಿಲ್ಲ. ಜುಲೈ 10ರ ರಾತ್ರಿ 11 ಗಂಟೆಗೆ ಆಕ್ಲೆಂಡಿನಿಂದ ಹೊರಟು ಒಂಬತ್ತು ಗಂಟೆ ಹಾರಿ ಹೊನೊಲುಲುವಿನಲ್ಲಿ ಇಳಿದರೆ ಅಲ್ಲಿ ಅದೇ ಜುಲೈ 10ರ ಬೆಳಿಗ್ಗೆ 10 ಗಂಟೆ. ಎರಡು ಊರುಗಳ ಗಡಿಯಾರಗಳ ನಡುವೆ 22 ಗಂಟೆಯ ವ್ಯತ್ಯಾಸ. ಹೋಟೆಲ್ ಕೋಣೆಯನ್ನು ತಪ್ಪು ದಿನಕ್ಕೆ ಕಾದಿರಿಸುವವರು ಇಂಥ ಪ್ರಯಾಣಗಳಲ್ಲೇ ಹೆಚ್ಚು. ಹೊರಡುವ ಗಂಟೆಯನ್ನು ಮತ್ತು ಅವಧಿಯನ್ನು ನಾವೇ ತುಂಬಬಹುದಾದ ಪೆಟ್ಟಿಗೆಗಳು ಈ ಭಾಗದಲ್ಲಿವೆ. ಟಿಕೆಟ್ಟಿನ ಅವಧಿಯನ್ನು ಅಲ್ಲಿ ಹಾಕಿದರೆ ಬರುವ ಉತ್ತರವನ್ನು ಕಣ್ಣುಮುಚ್ಚಿ ನಂಬಬಹುದು. ನಾನು ಈಗ ಸೇವೆಯನ್ನು ಬಳಸುವುದು ಹೆಚ್ಚಾಗಿ ಇದಕ್ಕಾಗಿಯೇ.

ಸಮಯದ ಭಾಗಕ್ಕೆ ಐದರಲ್ಲಿ ಎರಡು ಕೊಡುತ್ತೇನೆ, ಆ ಎರಡೂ ಈ ಗಡಿಯಾರದ ಲೆಕ್ಕಕ್ಕೆ. ಸೇವೆಯವರಿಗೆ ಪತ್ರ ಬರೆದು ಮೂರು ಬದಲಾವಣೆ ಕೇಳಿದ್ದೇನೆ: ಅವಧಿಯನ್ನು ನಿಮಿಷದವರೆಗೆ ತೋರಿಸದೆ “9ರಿಂದ 13 ಗಂಟೆ” ಎಂಬಂತೆ ವ್ಯಾಪ್ತಿಯಾಗಿ ತೋರಿಸಬೇಕು, ಪೂರ್ವಕ್ಕೂ ಪಶ್ಚಿಮಕ್ಕೂ ಬೇರೆ ಬೇರೆ ಉತ್ತರ ಕೊಡಬೇಕು, ಸೂತ್ರವನ್ನು ಉತ್ತರದ ಕೆಳಗೇ ಬರೆಯಬೇಕು. ಗಾಳಿಯನ್ನೂ ವಾಯುಪ್ರದೇಶವನ್ನೂ ದಿನದಿನವೂ ಲೆಕ್ಕ ಹಾಕುವುದು ಉಚಿತ ಸೇವೆಯೊಂದಕ್ಕೆ ಹೊರೆ ಎಂದು ನಾನು ಬಲ್ಲೆ, ಅದನ್ನು ಕೇಳಿಲ್ಲ. ಮೂರನೆಯದಂತೂ ಒಂದು ಸಾಲಿನ ಕೆಲಸ. ಉತ್ತರ ಇನ್ನೂ ಬಂದಿಲ್ಲ.

ಅಕ್ಕ ಹಿಂದಿರುಗುವ ಪ್ರಯಾಣಕ್ಕೆ ಹೊಸ ಚೀಟಿ ಬರೆದುಕೊಟ್ಟೆ. ನಾರಿಟಾದಿಂದ ಹೊರಡುವ ಗಂಟೆಯನ್ನೂ ಹೆಲ್ಸಿಂಕಿ ತಲುಪುವ ಗಂಟೆಯನ್ನೂ ಟಿಕೆಟ್ಟಿನಿಂದ ತೆಗೆದುಕೊಂಡೆ, ಎರಡು ಊರುಗಳ ಗಡಿಯಾರವನ್ನು ಈ ಸೇವೆಯಲ್ಲಿ ಹೊಂದಿಸಿ ನೋಡಿದೆ, ವೈದ್ಯರ ಸಲಹೆಯಂತೆ ಎರಡು ಗಂಟೆ ತಡವಾದರೂ ಸಾಲುವಷ್ಟು ತಿಂಡಿಯನ್ನು ಕೈಚೀಲದ ಪಟ್ಟಿಗೆ ಸೇರಿಸಿದೆ. ದೂರವನ್ನು ಚೀಟಿಯ ಮೂಲೆಯಲ್ಲಿ ಚಿಕ್ಕದಾಗಿ ಬರೆದೆ. ಅಷ್ಟು ದೂರ ಹೋಗಿ ಬಂದೆ ಎಂದು ಮನೆಗೆ ಬಂದ ಮೇಲೆ ಹೇಳಿಕೊಳ್ಳಲು ಅವಳಿಗೆ ಅದು ಬೇಕಂತೆ.